ಗ್ಯಾಸಿನವನು ಇದ್ದಿಲು ಹಚ್ಚಿದ್ದು

ಯಾರ ಮನೆಗೆ ಹೋದರೂ ಸೋಪುನೀರಣ್ಣ ಮೊದಲು ಮಾಡುವ ಕೆಲಸ ಮೂಸುವುದು. ಮನೆಯವರು "ಬನ್ನಿ, ಕೂತ್ಕೊಳ್ಳಿ" ಅನ್ನುವಷ್ಟರಲ್ಲಿ ಅವನ ಮೂಗು ಅವನಿಗಿಂತ ಮುಂಚೆ ಅಡುಗೆಮನೆ ಹೊಕ್ಕು ಒಂದು ಸುತ್ತು ಹಾಕಿ ಬಂದಿರುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಗ್ಯಾಸ್ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದವನು. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದು ಕೈಯಲ್ಲಿ ಸೋಪು ಕರಗಿಸಿದ ನೀರಿನ ಬಾಟಲಿ, ಜೇಬಿನಲ್ಲಿ ಹಳೆಯ ಪೇಂಟ್ ಬ್ರಶ್ಶು. ಪೈಪಿನ ಜಾಯಿಂಟಿಗೆ ಸೋಪುನೀರು ಬಳಿಯುವುದು, ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಎಂದು ಬಿಗಿ ಮಾಡುವುದು, ಮತ್ತೆ ಬಳಿಯುವುದು, ಗುಳ್ಳೆ ಏಳದಿದ್ದರೆ ಮುಂದಿನ ಮನೆ. ಇಷ್ಟೇ ಅವನ ಉದ್ಯೋಗ. ಹೆಸರು ಹೇಗೆ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಹೆತ್ತವರು ಇಟ್ಟ ಹೆಸರು ಅವನಿಗೇ ಅರೆಬರೆ ನೆನಪು.

ಈಗ ಹೇಳಲು ಹೊರಟ ಸಂಗತಿಯನ್ನು ಅವನೇ ಕಂಡಕಂಡವರಿಗೆ ಹೇಳಿಕೊಂಡು ನಗುತ್ತಾನೆ. "ಈ ಬೀದೀಲಿ ನನ್ನಷ್ಟು ಬುದ್ಧಿವಂತ ಇನ್ನೊಬ್ಬ ಇದ್ರೆ ತೋರ್ಸಿ ನೋಡೋಣ," ಎಂದೇ ಶುರು ಮಾಡುವುದು. ಕೇಳುವವರು ಪಾಪ, ಹೌದೌದು ಎಂದು ತಲೆಯಾಡಿಸಿ ಕೂರುತ್ತಾರೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ಏಳುತ್ತಾರೆ. ಆದರೆ ಹೇಳುವಾಗ ಅವನು ಹಾರಿಸಿಬಿಡುವ ಒಂದು ಭಾಗವಿದೆ. ಅಲ್ಲಿಗೆ ಬಂದ ಕೂಡಲೇ ಗಂಟಲು ಸರಿಮಾಡಿಕೊಂಡು ಚಹಾ ಕೇಳುತ್ತಾನೆ. ಇಲ್ಲಿ ಅದನ್ನೂ ಸೇರಿಸಿಯೇ ಹೇಳಬೇಕು.

ಕಂಪನಿಯವರು ಆಗಾಗ ಅವನನ್ನು ಬೀದಿಬೀದಿಗೆ ಕಳಿಸಿ ಸುರಕ್ಷತೆಯ ಭಾಷಣ ಮಾಡಿಸುತ್ತಿದ್ದರು. ಭಾಷಣ ಅಂದರೆ ಸೋಪುನೀರಣ್ಣನಿಗೆ ಪಂಚಪ್ರಾಣ. ನೆರೆದ ಹೆಂಗಸರ ಮುಂದೆ ಎದೆಯುಬ್ಬಿಸಿ ನಿಂತು, "ಅಮ್ಮಾ, ಇದ್ದಿಲು ಅಂದ್ರೆ ಏನು? ಮಸಿ, ಹೊಗೆ, ಕೆಮ್ಮು! ಗ್ಯಾಸ್ ಅಂದ್ರೆ ಏನು? ನಾಬ್ ತಿರುಗಿಸಿ, ಕಡ್ಡಿ ಗೀರಿ, ನೀಲಿ ಉರಿ ನೋಡಿ!" ಎಂದು ಗುಡುಗುತ್ತಿದ್ದ. ಕೇಳಲು ಬಂದವರ ಮನೆಯಲ್ಲೆಲ್ಲ ಆಗಲೇ ಗ್ಯಾಸ್ ಇತ್ತು. ಇದ್ದಿಲನ್ನು ಕಣ್ಣಾರೆ ಕಂಡವರೇ ಅಲ್ಲಿ ಇರಲಿಲ್ಲ. ಆದರೂ ಲೋಕದಿಂದ ಇದ್ದಿಲನ್ನು ಓಡಿಸಿದ್ದು ತಾನೇ ಎಂಬ ಗುಂಗಿನಲ್ಲಿ ಅವನು ಮನೆಗೆ ಬಂದು, ಹೆಂಡತಿಯ ಮುಂದೆ ಇನ್ನೊಂದು ಸಲ ಅದೇ ಭಾಷಣ ಮಾಡುತ್ತಿದ್ದ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯತೊಡಗಿದರೆ ಭಾಷಣ ತಾನಾಗಿ ನಿಲ್ಲುತ್ತದೆ ಎಂದು ಅವಳು ಕಂಡುಕೊಂಡಿದ್ದಳು.

ನಿವೃತ್ತಿಯಾದ ದಿನ ಜೊತೆಯವರೆಲ್ಲ ಸೇರಿ ಅವನಿಗೊಂದು ಗ್ಯಾಸ್ ಗ್ರಿಲ್ ಕೊಟ್ಟರು. ನಾಲ್ಕು ಬರ್ನರು, ದೊಡ್ಡ ಮುಚ್ಚಳ, ಕೆಳಗೆ ಗಾಲಿ, ಮೇಲೆ ಸರಳಿನ ಜಾಲರಿ ಎರಡು. ತರಕಾರಿ, ಮಾಂಸ, ಏನು ಬೇಕಾದರೂ ಜಾಲರಿಯ ಮೇಲಿಟ್ಟು ಸುಡಬಹುದು. ಅದು ತಾರಸಿ ಏರಿತು. ಎರಡು ಸಲ ಉರಿಯಿತು. ಆಮೇಲೆ ಹೆಂಡತಿಯ ಹಳೆಯ ಕರ್ಟನ್ ಹೊದ್ದು, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ತೆಪ್ಪಗೆ ನಿಂತಿತು. ಸೋಪುನೀರಣ್ಣ ಮಾತ್ರ ವಾರಕ್ಕೊಮ್ಮೆ ಮೇಲೆ ಹೋಗಿ ಅದರ ಜಾಯಿಂಟುಗಳಿಗೆ ಸೋಪುನೀರು ಬಳಿದು, ಗುಳ್ಳೆ ಇಲ್ಲ ಎಂದು ಸಮಾಧಾನಪಟ್ಟುಕೊಂಡು ಇಳಿದು ಬರುತ್ತಿದ್ದ.

ಭಾವ ತೀರಿಕೊಂಡ ಮೇಲೆ ಅಕ್ಕ ಬಂದಳು. ಬಂದಳು ಅನ್ನುವುದಕ್ಕಿಂತ, ಅವನೇ ಹೋಗಿ ಕರೆದುಕೊಂಡು ಬಂದ. ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ರಾತ್ರಿ ಪಾಳಿ ಹೋಗುತ್ತಿದ್ದುದರಿಂದ ಅವನನ್ನು ಸಾಕಿದ್ದೇ ಅಕ್ಕ. ಸಾಕಿದಳು ಅಂದರೆ ಉಣ್ಣಿಸಿದಳು, ಬೈದಳು, ಕಿವಿ ಹಿಂಡಿದಳು, ಮತ್ತೆ ಉಣ್ಣಿಸಿದಳು. ಅಂಥ ಅಕ್ಕನ ಮನೆಯ ಬಾಗಿಲು ತೆರೆದಾಗ ಅವನ ಮೂಗಿಗೆ ಒಂದು ಹೊಸ ವಾಸನೆ ಹೊಡೆಯಿತು. ಗ್ಯಾಸಿನದಲ್ಲ. ಎಷ್ಟೋ ದಿನದಿಂದ ಒಲೆಯನ್ನೇ ಹಚ್ಚದ ಮನೆಯ ವಾಸನೆ. ಫ್ರಿಜ್ಜಿನಲ್ಲಿ ಹುಳಿಯಾದ ಹಾಲು, ಮೇಜಿನ ಮೇಲೆ ಒಣಗಿದ ಬ್ರೆಡ್ಡು. ಅಕ್ಕ ಭಾವನ ಕುರ್ಚಿಯ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಕೈಗಡಿಯಾರ ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ಹೋಗಿತ್ತು.

ಇಲ್ಲಿಗೆ ಬಂದ ಮೇಲೂ ಅಕ್ಕ ಉಣ್ಣಲಿಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದಳು, ಎರಡು ತುತ್ತು ಹಾಕಿಕೊಳ್ಳುತ್ತಿದ್ದಳು, "ಸಾಕು," ಅನ್ನುತ್ತಿದ್ದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, "ಕಾಯಿಲೆ ಏನೂ ಇಲ್ಲ, ಹೊಟ್ಟೆಗೆ ಏನಾದ್ರೂ ಹೋಗ್ಬೇಕು ಅಷ್ಟೇ. ಹೀಗೇ ಬಿಟ್ರೆ ಕಷ್ಟ," ಅಂದರು. ಅದು ಸೋಪುನೀರಣ್ಣನಿಗೂ ಗೊತ್ತಿತ್ತು. ಗೊತ್ತಿದ್ದವನು ಏನು ಮಾಡಿದ? ಗಂಡನನ್ನು ಕಳೆದುಕೊಂಡವಳ ಮನಸ್ಸು ನೋಯಬಾರದು ಎಂದು ಮನೆಯಲ್ಲಿ ಜೋರಾಗಿ ಮಾತಾಡುವುದನ್ನೇ ನಿಲ್ಲಿಸಿದ. ಅಕ್ಕನಿಗೆ ಗಾಳಿ ತಾಗಬಾರದು ಎಂದು ಕೋಣೆಯ ಕಿಟಕಿ ಮುಚ್ಚಿದ. ಸದ್ದಾಗಬಾರದು ಎಂದು ಬಾಗಿಲ ಸಂದಿಗೆ ಬಟ್ಟೆ ತುರುಕಿದ. ಹೊಲಿಗೆ ಯಂತ್ರವೂ ಮಹಡಿಯ ಮೆಟ್ಟಿಲ ಕೆಳಕ್ಕೆ ಹೋಯಿತು. ಅಕ್ಕ ಏನಂದರೂ "ಹೂಂ ಅಕ್ಕ, ಸರಿ ಅಕ್ಕ." ಒಮ್ಮೆ ಅಕ್ಕ ಬೇಕೆಂದೇ, "ನೀನು ಚಿಕ್ಕವನಿದ್ದಾಗ ಗಣಿತದಲ್ಲಿ ಶುದ್ಧ ದಡ್ಡ," ಎಂದು ನೋಡಿದಳು. ಗಣಿತದಲ್ಲಿ ತರಗತಿಗೇ ಮೊದಲು ಬಂದಿದ್ದ ಸೋಪುನೀರಣ್ಣ, "ಹೂಂ ಅಕ್ಕ, ದಡ್ಡನೇ," ಅಂದ. ಅಕ್ಕ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಎದ್ದು ಕೋಣೆಗೆ ಹೋದಳು.

ಒಂದು ಬುಧವಾರ ಹೆಂಡತಿ ಮುಸುಕಿನ ಜೋಳ ಬೇಯಿಸಿದ್ದಳು. ಅಕ್ಕ ತನ್ನ ತಟ್ಟೆಯಲ್ಲಿದ್ದ ತೆನೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತಾ, "ಇದೇ ಇದ್ದಿಲ ಮೇಲೆ ಸುಟ್ಟ ಜೋಳ ಆಗಿದ್ದಿದ್ರೆ..." ಎಂದಳು.

ಸೋಪುನೀರಣ್ಣನ ಕಿವಿ ನೆಟ್ಟಗಾದವು. ಇಷ್ಟು ದಿನದಲ್ಲಿ ಅಕ್ಕ ತಾನಾಗಿ ತಿನ್ನುವ ವಸ್ತುವಿನ ಮಾತೆತ್ತಿದ್ದು ಇದೇ ಮೊದಲು. "ಸುಟ್ಟಿದ್ದು ಬೇಕಾ ಅಕ್ಕ? ಮೊದಲೇ ಹೇಳ್ಬಾರ್ದಾ! ಮಾಡ್ಕೊಡ್ತೀನಿ. ಇದ್ದಿಲ ಮೇಲೇ ಮಾಡ್ಕೊಡ್ತೀನಿ. ಇನ್ನೊಂದು ಹಾಕ್ಲಾ ಈಗ?"

ಅರ್ಧ ತೆರೆದಿದ್ದ ಅಕ್ಕನ ಬಾಯಿ ಮುಚ್ಚಿಕೊಂಡಿತು. "ಏನೂ ಬೇಡ ಬಿಡು," ಅಂದಳು. ತಟ್ಟೆಯನ್ನು ಸರಿಸಿದಳು. "ಭಾನುವಾರ ಮಧ್ಯಾಹ್ನ ನಾನು ನನ್ನ ಮನೆಗೆ ಹೊರಡ್ತೀನಿ. ಟ್ಯಾಕ್ಸಿಗೆ ಹೇಳಿದೀನಿ."

ಆ ಹುಳಿ ಹಾಲಿನ ಮನೆಗೆ ಅಕ್ಕ ಒಬ್ಬಳೇ ಹೋದರೆ ಮತ್ತೆ ಒಲೆ ಹಚ್ಚುವುದಿಲ್ಲ, ಹೆಚ್ಚು ದಿನ ಬಾಳುವುದೂ ಇಲ್ಲ ಎಂದು ಸೋಪುನೀರಣ್ಣನಿಗೆ ಖಾತ್ರಿಯಾಗಿತ್ತು. ತಡೆಯಬೇಕಿತ್ತು. "ಹೋಗ್ಬೇಡ ಅಕ್ಕ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅಕ್ಕನಿಗೆ ಎದುರಾಡಬಾರದೆಂದು ವ್ರತ ಹಿಡಿದವನಲ್ಲವೇ? "ಹೂಂ ಅಕ್ಕ," ಅಂದ. ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು.

ಅಕ್ಕ ಎದ್ದು ಹೋದ ಮೇಲೆ ಹೆಂಡತಿ, "ಅತ್ತಿಗೆಗೆ ಸುಟ್ಟ ಜೋಳ ತಿನ್ನಿಸಿದ್ರೆ ಒಂದು ನಾಲ್ಕು ದಿನ ನಿಲ್ತಾರೇನೋ. ಪೇಟೇಲಿ ಇದ್ದಿಲ ಒಲೆ ಸಿಗುತ್ತಲ್ಲ, ಬಕೆಟಿನಷ್ಟು ಇರುತ್ತೆ. ನಾಳೆ ಒಂದು ತಂದುಬಿಡಿ," ಅಂದಳು.

"ನಾನು! ಅಂಗಡಿಗೆ ಹೋಗಿ! ಇದ್ದಿಲ ಒಲೆ ತರೋದು!" ಸೋಪುನೀರಣ್ಣ ಎದ್ದೇ ನಿಂತ. "ಈ ಊರಿನ ಅರ್ಧ ಜನಕ್ಕೆ ಒಲೆ ಜೋಡಿಸಿಕೊಟ್ಟೋನು ಕಣೇ ನಾನು. ಮೇಲೆ ಅಷ್ಟು ಒಳ್ಳೆ ಗ್ರಿಲ್ ಇದೆ. ಅದನ್ನೇ ಇದ್ದಿಲಿಗೆ ಬದಲಾಯಿಸ್ತೀನಿ. ಬೆಂಕಿ ಬೆಂಕೀನೇ. ಗ್ಯಾಸ್ ಆದ್ರೇನು, ಇದ್ದಿಲಾದ್ರೇನು?"

ಹೊಲಿಗೆ ಯಂತ್ರ ಮೆಟ್ಟಿಲ ಕೆಳಗಿತ್ತು, ಇಲ್ಲದಿದ್ದರೆ ಹೆಂಡತಿ ಜೋರಾಗಿ ತುಳಿಯುತ್ತಿದ್ದಳು.

ಗುರುವಾರ ಬೆಳಿಗ್ಗೆ ಸೋಪುನೀರಣ್ಣ ತಾರಸಿ ಏರಿ ಕರ್ಟನ್ ತೆಗೆದ. ಸಿಲಿಂಡರ್ ಬಿಚ್ಚಿದ. ರೆಗ್ಯುಲೇಟರ್ ಬಿಚ್ಚಿದ. ರಬ್ಬರ್ ಪೈಪು, ನಾಲ್ಕು ನಾಬ್, ನಾಲ್ಕು ಬರ್ನರು, ಕಿಡಿ ಹೊತ್ತಿಸುವ ವೈರು, ಒಂದೊಂದನ್ನೇ ಬಿಚ್ಚಿ ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಇಟ್ಟ. ಕೊನೆಯ ಬರ್ನರು ಕೈಗೆ ಬಂದಾಗ ಅವನಿಗೆ ಯಾಕೋ ಒಂಥರಾ ಆಯಿತು. ಜೀವಮಾನವಿಡೀ ಇದರ ಗುಣಗಾನ ಮಾಡಿದ ಕೈಯಿಂದಲೇ ಇದನ್ನು ಕಿತ್ತು ಹಾಕುತ್ತಿದ್ದೇನಲ್ಲ! ಭಾಷಣ ಕೇಳಿದ ಹೆಂಗಸರಲ್ಲಿ ಯಾರಾದರೂ ಈಗ ಎದುರಿನ ತಾರಸಿಯಿಂದ ನೋಡಿದರೆ ಏನು ಗತಿ? ಕರ್ಟನ್ನನ್ನು ಹಗ್ಗದ ಮೇಲೆ ಇಳಿಬಿಟ್ಟು, ಅದರ ಮರೆಯಲ್ಲಿ ಕೂತು ಕೆಲಸ ಮುಂದುವರಿಸಿದ. ಕಳ್ಳ ಕೂಡ ಅಷ್ಟು ಹುಷಾರಾಗಿ ಕೂರುವುದಿಲ್ಲ.

ಎಲ್ಲ ಬಿಚ್ಚಿದ ಮೇಲೆ ಗ್ರಿಲ್ಲಿನ ತುಂಬ ತೂತು. ನಾಬ್‌ಗಳಿದ್ದ ಜಾಗದಲ್ಲಿ ನಾಲ್ಕು. ತಳದಲ್ಲಿ ಜಿಡ್ಡು ಇಳಿದುಹೋಗಲು ಇದ್ದ ದೊಡ್ಡದು ಒಂದು. ಹಿಂಬದಿಯಲ್ಲಿ ಮುಚ್ಚಳದ ಉದ್ದಕ್ಕೂ ಸಂದಿ. ಅವನ್ನು ನೋಡಿದ ಕೂಡಲೇ ಸೋಪುನೀರಣ್ಣನ ಕೈ ತುರಿಸತೊಡಗಿತು. ತೂತು ಕಂಡರೆ ಮುಚ್ಚಬೇಕು, ಸಂದಿ ಕಂಡರೆ ಮೆತ್ತಬೇಕು. ಬೇರೆ ಯೋಚನೆಯೇ ಅವನಿಗೆ ಬರಲಿಲ್ಲ. ಈ ಊರಿನಲ್ಲಿ ಇನ್ಯಾರೇ ಈ ಕೆಲಸಕ್ಕೆ ಕೈಹಾಕಿದ್ದರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಏನೂ ಗೊತ್ತಿಲ್ಲದವನ ಗ್ರಿಲ್ಲು ಮೊದಲ ದಿನವೇ ಉರಿದಿರುತ್ತಿತ್ತು. ಇವನಿಗೆ ಗೊತ್ತಿದ್ದದ್ದೇ ಹೆಚ್ಚಾಗಿತ್ತು.

ಶುಕ್ರವಾರ ವೆಲ್ಡಿಂಗ್ ಅಂಗಡಿಗೆ ಹೋಗಿ ಇದ್ದಿಲು ಹಾಕಲು ಕಬ್ಬಿಣದ ತಟ್ಟೆ ಮಾಡಲು ಹೇಳಿದ. ವೆಲ್ಡಿಂಗ್‌ನವನು ಅಳತೆ ಗುರುತು ಹಾಕಿಕೊಂಡು, "ತೂತು ಎಲ್ಲೆಲ್ಲಿ ಹೊಡೀಲಿ ಸಾರ್?" ಅಂದ.

"ತೂತು ಯಾಕೆ? ಒಂದೂ ಬೇಡ. ನೀರು ಹಾಕಿದ್ರೂ ಸೋರಬಾರ್ದು, ಹಾಗಿರ್ಲಿ."

ವೆಲ್ಡಿಂಗ್‌ನವನು ಕನ್ನಡಕವನ್ನು ಹಣೆಗೇರಿಸಿ, "ಇದ್ದಿಲಿಗೆ ಅಂದ್ರಲ್ಲ ಸಾರ್?" ಅಂದ.

"ನಾನು ಗ್ಯಾಸ್ ಕಂಪನೀಲಿ ಇದ್ದೋನು," ಅಂದ ಸೋಪುನೀರಣ್ಣ. ಅದು ಪ್ರಶ್ನೆಗೆ ಹೇಗೆ ಉತ್ತರವಾಗುತ್ತದೆ ಎಂದು ಇಬ್ಬರಿಗೂ ತಿಳಿಯಲಿಲ್ಲ. "ನಿಮ್ಮಿಷ್ಟ," ಎಂದು ವೆಲ್ಡಿಂಗ್‌ನವನು ಕನ್ನಡಕ ಇಳಿಸಿದ.

ಅಂದು ಸಂಜೆಯ ಹೊತ್ತಿಗೆ ನಾಲ್ಕೂ ತೂತಿಗೆ ತಗಡಿನ ಬಿಲ್ಲೆ, ಬಿಲ್ಲೆಗೆ ಬೋಲ್ಟು, ಬೋಲ್ಟಿನ ಸುತ್ತ ಬೆಂಕಿ ತಡೆಯುವ ಸಿಮೆಂಟು. ತಳದ ತೂತಿಗೆ ಹೆಬ್ಬೆರಳಷ್ಟು ದಪ್ಪದ ನಟ್ಟು. ಮುಚ್ಚಳದ ಸಂದಿಗೆ ಶಾಖ ತಡೆಯುವ ಹಗ್ಗ ಸುತ್ತಿದ. ಎಲ್ಲ ಒಣಗಿದ ಮೇಲೆ, ಸೋಪುನೀರಿನ ಬಾಟಲಿ ತೆಗೆದು ಒಂದೊಂದು ಬಿಲ್ಲೆಯ ಸುತ್ತಲೂ ಬಳಿದು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ಒಂದೇ ಒಂದು ಗುಳ್ಳೆ ಏಳಲಿಲ್ಲ! "ಭೇಷ್!" ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಒಳಗೆ ಗ್ಯಾಸೇ ಇಲ್ಲದ, ಒತ್ತಡವೇ ಇಲ್ಲದ ಖಾಲಿ ಡಬ್ಬಿಯಲ್ಲಿ ಗುಳ್ಳೆ ಎಲ್ಲಿಂದ ಬರಬೇಕು ಎಂದು ಆ ಮಹಾಶಯನಿಗೆ ಹೊಳೆಯಲಿಲ್ಲ. ಈಗ ಹೇಳುವಾಗ ಈ ಜಾಗದಲ್ಲಿ ಅವನು ತನ್ನ ಹಣೆಗೆ ತಾನೇ ರಪ್ಪನೆ ಹೊಡೆದುಕೊಳ್ಳುತ್ತಾನೆ.

ಶನಿವಾರ ಪರೀಕ್ಷೆ. ಅಕ್ಕನಿಗೆ ಆಶ್ಚರ್ಯ ಮಾಡಬೇಕೆಂದು ಮೊದಲೇ ಕೆಂಡ ಮಾಡಿಟ್ಟುಕೊಳ್ಳುವ ಯೋಜನೆ. ತಟ್ಟೆಯ ತುಂಬ ಇದ್ದಿಲು ಸುರಿದು, ಹಳೇ ಪೇಪರು ತುರುಕಿ, ಕಡ್ಡಿ ಗೀರಿದ. ಪೇಪರು ಧಗ್ಗೆಂದು ಉರಿಯಿತು. ಸೋಪುನೀರಣ್ಣ ಹಲ್ಲು ಕಿರಿದು ಮುಚ್ಚಳ ಹಾಕಿದ. ಸ್ವಲ್ಪ ಹೊತ್ತು ಬಿಟ್ಟು ತೆರೆದು ನೋಡಿದರೆ ಇದ್ದಿಲು ಅಂಗಡಿಯಿಂದ ಬಂದ ಹಾಗೆಯೇ ಕಪ್ಪಗೆ, ತಣ್ಣಗೆ ಕೂತಿತ್ತು.

ಇದ್ದಿಲಿಗೆ ತೇವ ಹೊಡೆದಿರಬೇಕು ಎಂದು ಬಿಸಿಲಿಗೆ ಹರಡಿ ಒಣಗಿಸಿದ. ಮತ್ತೆ ಹಚ್ಚಿದ. ಆರಿತು. ಇದ್ದಿಲೇ ಕಳಪೆ ಎಂದು ಬೇರೆ ಮೂಟೆ ತಂದ. ಹಚ್ಚಿದ. ಆರಿತು. ಸೀಮೆಎಣ್ಣೆ ಸುರಿಯಲೇ ಎಂದು ಯೋಚಿಸಿ, ತಾನೇ ಭಾಷಣದಲ್ಲಿ ಹೇಳುತ್ತಿದ್ದ ಎಚ್ಚರಿಕೆ ನೆನಪಾಗಿ ಕೈಬಿಟ್ಟ. ಒಂದು ಒಳ್ಳೆಯ ಬುದ್ಧಿ ಓಡಿದ್ದು ಅಷ್ಟೇ. ಅದರ ಮುಂದಿನದು ಹೆಂಡತಿಯ ಹೇರ್ ಡ್ರೈಯರ್. ಉದ್ದನೆಯ ವೈರು ಎಳೆದು ತಂದು, ಮುಚ್ಚಳ ತೆರೆದು, ಡ್ರೈಯರನ್ನು ಇದ್ದಿಲ ಮೂತಿಗೆ ಹಿಡಿದು ಗುಂಡಿ ಒತ್ತಿದ. ಪೇಪರಿನ ಬೂದಿ, ಇದ್ದಿಲ ಪುಡಿ ಎಲ್ಲ ಒಮ್ಮೆಗೇ ಎದ್ದು, ಗಿರಾಕಿಗೆ ಕೊಡಲು ಹೆಂಡತಿ ಒಗೆದು ಹರವಿದ್ದ ಬಿಳೀ ಶರಟುಗಳ ಮೇಲೆ ಅರ್ಧ ಕೂತವು. ಇನ್ನರ್ಧ ಸೋಪುನೀರಣ್ಣನ ಮುಖದ ಮೇಲೆ ಕೂತವು.

ಬಟ್ಟೆ ತೆಗೆಯಲು ಬಂದ ಹೆಂಡತಿ ಮೆಟ್ಟಿಲ ಬಾಗಿಲಲ್ಲಿ ನಿಂತು ಶರಟುಗಳನ್ನು ನೋಡಿದಳು. ಗಂಡನನ್ನು ನೋಡಿದಳು. ಅವನ ಕೈಯಲ್ಲಿದ್ದ ಡ್ರೈಯರನ್ನು ನೋಡಿದಳು. ಬೇರೆ ದಿನವಾಗಿದ್ದರೆ ಬೀದಿಯ ಕೊನೆಗೂ ಕೇಳಿಸುವಂತೆ ಜಾಡಿಸುತ್ತಿದ್ದಳು. ಕೆಳಗೆ ಅತ್ತಿಗೆ ಇದ್ದಾರೆ ಎಂದು ಹಲ್ಲು ಕಚ್ಚಿ, ಪಿಸುದನಿಯಲ್ಲಿ, "ನಿಮ್ಮ ತಲೆಗಿಷ್ಟು," ಎಂದಷ್ಟೇ ಹೇಳಿ ಶರಟುಗಳನ್ನು ಬಾಚಿಕೊಂಡು ಇಳಿದುಹೋದಳು. ಪಿಸುದನಿಯ ಬೈಗುಳದಷ್ಟು ಭಯಂಕರವಾದದ್ದು ಇನ್ನೊಂದಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು.

ಭಾನುವಾರ ಬಂತು. ಅಕ್ಕನ ಬ್ಯಾಗು ಬಾಗಿಲ ಹತ್ತಿರ ತಯಾರಾಗಿ ನಿಂತಿತ್ತು. ಸೋಪುನೀರಣ್ಣ ಬೆಳಗಿನಿಂದ ತಾರಸಿಯಲ್ಲೇ ಇದ್ದ. ಊದುವುದು, ಕೆಮ್ಮುವುದು, ಮುಚ್ಚಳ ಹಾಕುವುದು, ತೆಗೆಯುವುದು. ಇದ್ದಿಲ ಒಂದೆರಡು ಚೂರು ಮೂಲೆಯಲ್ಲಿ ಕೆಂಪಗಾಗಿ, ಇವನ ಮೇಲೆ ಕನಿಕರವೋ ಏನೋ ಎಂಬಂತೆ ಸ್ವಲ್ಪ ಹೊತ್ತು ಇದ್ದು, ಬೂದಿಯಾದವು. ಹಿಪ್ಪೆಯಾದ ಸೋಪುನೀರಣ್ಣ ತಾರಸಿಯ ನೆಲದ ಮೇಲೆ ಕುಕ್ಕರಿಸಿದ. ಅಷ್ಟು ಒಲೆ ಹಚ್ಚಿದವನು, ಒಡಹುಟ್ಟಿದವಳಿಗೆ ಒಂದು ತೆನೆ ಜೋಳ ಸುಟ್ಟುಕೊಡಲು ಕೈಲಾಗದೆ ಕೂತಿದ್ದಾನೆ. ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎನ್ನೋಣವೆಂದರೆ ಹೊಗೆಯೂ ಸರಿಯಾಗಿ ಬರುತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಪ್ರಯಾಣದ ಬಟ್ಟೆ ಹಾಕಿಕೊಂಡಿದ್ದಳು. ಹಿಂದೆ ಹೆಂಡತಿ.

"ಮೂರ್ನಾಲ್ಕು ದಿನದಿಂದ ಏನೋ ಮಾಡ್ತಿದೀಯಲ್ಲ, ಏನದು?" ಎಂದಳು ಅಕ್ಕ.

"ಏನಿಲ್ಲ ಅಕ್ಕ. ಹೊಗೆ ಇದೆ, ಒಳಗೆ ಹೋಗು. ಗಾಳಿ ಬೇರೆ ಇದೆ, ಶೀತ ಆಗುತ್ತೆ."

ಅಕ್ಕ ಒಳಗೆ ಹೋಗಲಿಲ್ಲ. ಗ್ರಿಲ್ಲಿನ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ತಳ ನೋಡಿದಳು, ಮುಂದಿನ ಬಿಲ್ಲೆಗಳನ್ನು ಉಗುರಿನಿಂದ ಕೆರೆದಳು. "ಲೋ, ಇದು ಉಸಿರಾಡೋಕೆ ಎಲ್ಲೋ ಜಾಗ ಬಿಟ್ಟಿದೀಯ? ನಾಲ್ಕು ಕಡೆಯಿಂದ್ಲೂ ಮುಚ್ಚಿ ಕೂರಿಸಿದ್ರೆ ಬೆಂಕಿ ಸಾಯ್ದೆ ಇನ್ನೇನಾಗುತ್ತೆ?"

ಸೋಪುನೀರಣ್ಣನಿಗೆ ಎಲ್ಲಿತ್ತೋ ಸಿಟ್ಟು. ಎರಡು ದಿನದ ಮಸಿ, ಹೆಂಡತಿಯ ಪಿಸುದನಿ, ಬಾಗಿಲ ಹತ್ತಿರದ ಬ್ಯಾಗು, ಎಲ್ಲ ಸೇರಿ ನೆತ್ತಿಗೇರಿತು. ವ್ರತಗಿತ ಎಲ್ಲ ಗಾಳಿಗೆ ಹಾರಿತು. "ಮೂವತ್ತು ವರ್ಷ ಬೆಂಕಿ ಜೊತೆ ಕೆಲಸ ಮಾಡಿದೀನಿ ನಾನು! ನಂಗೆ ಹೇಳಿಕೊಡೋಕೆ ಬರಬೇಡ! ನಿಂಗೇನು ಗೊತ್ತು? ಸುಮ್ನೆ ಅಲ್ಲಿ ಕೂತ್ಕೋ!" ಎಂದು ಕಿರುಚಿಬಿಟ್ಟ.

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಸೋಪುನೀರಣ್ಣ, ತಾನಾಡಿದ್ದು ತನಗೇ ಕೇಳಿಸಿ, ಕೆಟ್ಟೆ ಎಂದುಕೊಂಡ. ಕಾಲು ಹಿಡಿದುಬಿಡೋಣ ಎಂದು ಏಳುವಷ್ಟರಲ್ಲಿ ಅಕ್ಕನ ಮುಖ ಕಂಡಿತು. ಇಷ್ಟು ದಿನ ಸುಣ್ಣದಂತಿದ್ದ ಕೆನ್ನೆಗೆ ಬಣ್ಣ ಏರುತ್ತಿತ್ತು. ಸೊಂಟದ ಮೇಲೆ ಕೈ ಬಂತು.

"ಏನಂದೆ? ಇನ್ನೊಂದ್ಸಲ ಅನ್ನು!" ಎಂದಳು ಅಕ್ಕ. "ಬೆಂಕಿ ಜೊತೆ ಕೆಲಸ ಮಾಡಿದೋನಂತೆ! ಮುಚ್ಚೋ ಕೆಲಸ ಮಾಡಿದೋನು ಕಣೋ ನೀನು! ನೀನು ಚಡ್ಡಿ ಹಾಕ್ಕೊಳ್ಳೋಕೆ ಕಲಿಯೋ ಮುಂಚೆ ಇದ್ದಿಲ ಒಲೆ ಹಚ್ಚಿದೋಳು ನಾನು. ನಂಗೇನು ಗೊತ್ತಾ? ಬೆಪ್ಪುತಕ್ಕಡಿ! ತೆಗಿ ಆ ಬಿಲ್ಲೆಗಳನ್ನ! ಸ್ಪ್ಯಾನರ್ ಎಲ್ಲಿ? ನೋಡ್ತಾ ಏನು ನಿಂತಿದೀಯ, ಬಿಚ್ಚು!"

"ಬಿಚ್ಚಿದ್ರೆ ಸೋರುತ್ತೆ!"

"ಏನು ಸೋರುತ್ತೆ? ನಿನ್ನ ಬುದ್ಧೀನಾ? ಅದು ಎಂದೋ ಸೋರಿ ಹೋಗಿದೆ!"

ಮೆಟ್ಟಿಲ ಬಾಗಿಲಲ್ಲಿ ಹೆಂಡತಿ ಕಿಸಕ್ಕೆಂದಳು. ಸೋಪುನೀರಣ್ಣ ಅವಳನ್ನು ದುರುಗುಟ್ಟಿ ನೋಡಿ, ಸ್ಪ್ಯಾನರ್ ಹಿಡಿದ. ತಾನೇ ಬಿಗಿದ ಬೋಲ್ಟು ತನಗೇ ಸಡಿಲವಾಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದ. ಗೊಣಗುತ್ತ, ಅಕ್ಕನಿಗೆ ಎದುರುತ್ತರ ಕೊಡುತ್ತ, ಪ್ರತಿ ಉತ್ತರಕ್ಕೂ ಇನ್ನೆರಡು ಬೈಗುಳ ತಿನ್ನುತ್ತ ನಾಲ್ಕೂ ಬಿಲ್ಲೆ ಕಿತ್ತ. ತಳದ ನಟ್ಟು ಕಿತ್ತು, ಬೂದಿ ಬೀಳಲು ಕೆಳಗೊಂದು ಖಾಲಿ ಡಬ್ಬ ಇಟ್ಟ. ಮುಚ್ಚಳದ ಹಗ್ಗ ಎಳೆದ. ವೆಲ್ಡಿಂಗ್‌ನವನು ಮಾಡಿಕೊಟ್ಟ ತಟ್ಟೆಯನ್ನು ಅಕ್ಕ ಕಾಲಲ್ಲೇ ಅತ್ತ ತಳ್ಳಿದಳು. "ಎರಡು ಜಾಲರಿ ಇದೆಯಲ್ಲ, ಕಣ್ಣು ಕಾಣ್ಸಲ್ವಾ? ಒಂದನ್ನ ಕೆಳಗೆ ಕೂರ್ಸು, ಅದರ ಮೇಲೆ ಇದ್ದಿಲು. ಇನ್ನೊಂದು ಮೇಲೆ, ಅದರ ಮೇಲೆ ಜೋಳ."

ಈ ಸಲ ಅಕ್ಕನೇ ಕಡ್ಡಿ ಗೀರಿದಳು. ರಟ್ಟಿನ ಡಬ್ಬಿಯ ಮುಚ್ಚಳವೊಂದನ್ನು ಹಿಡಿದು, ನಾಬ್‌ಗಳಿದ್ದ ತೂತುಗಳ ಎದುರು ಕೂತು, ಒಂದೇ ಲಯದಲ್ಲಿ ಬೀಸಿದಳು. ಕೈಗಡಿಯಾರ ಮಣಿಕಟ್ಟಿಗೂ ಮೊಣಕೈಗೂ ನಡುವೆ ಓಡಾಡುತ್ತಿತ್ತು. ಒಂದು ಚೂರು ಕೆಂಪಾಯಿತು, ಪಕ್ಕದ್ದು ಕೆಂಪಾಯಿತು, ನೋಡನೋಡುತ್ತ ಇಡೀ ಹಾಸು ಕೆಂಡವಾಯಿತು.

ಮೊದಲ ತೆನೆ ಚಟಪಟ ಸಿಡಿದು ಒಂದು ಬದಿ ಕರಿಯಾಯಿತು. ಕರಿಯಾದ ತೆನೆಯೇ ರುಚಿ ಎಂದು ಇಬ್ಬರಿಗೂ ಚಿಕ್ಕಂದಿನಿಂದ ಗೊತ್ತು. ಇಬ್ಬರ ಕೈಯೂ ಒಟ್ಟಿಗೇ ಹೋಯಿತು.

"ಬಿಡು, ಅದು ನಂದು!" ಎಂದ ಸೋಪುನೀರಣ್ಣ.

"ಬೆಂಕಿ ಹಚ್ಚಿದ್ದು ಯಾರು?"

"ಜೋಳ ತಂದಿದ್ದು ಯಾರು?"

ಅಕ್ಕ ಅವನ ಕೈಗೆ ರಟ್ಟಿನಿಂದ ಒಂದು ಕೊಟ್ಟು ತೆನೆ ಕಿತ್ತುಕೊಂಡಳು. ಉಫ್ ಉಫ್ ಎಂದು ಊದಿ ಕಚ್ಚಿದಳು. ಅದನ್ನು ಪೂರ್ತಿ ತಿಂದು, ದಿಂಡನ್ನು ಬಿಸಾಕಿ, ಇನ್ನೊಂದಕ್ಕೆ ಕೈ ಹಾಕಿದಳು. ಗಲ್ಲದ ಮೇಲೆ ಮಸಿ ಮೆತ್ತಿತ್ತು. ಸೋಪುನೀರಣ್ಣ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಹೆಂಡತಿ ಅವನ ಬೆನ್ನಿಗೆ ತಿವಿದು, ಆ ಕಡೆ ನೋಡಿ ಎಂದು ಸನ್ನೆ ಮಾಡಿದಳು.

"ಕೊನೆಗೂ ನಿನ್ನ ಆಸೆಯ ಇದ್ದಿಲ ಜೋಳ ಸಿಕ್ತಲ್ಲ ಅಕ್ಕ," ಎಂದ ಅವನು, ಸ್ವಲ್ಪ ಜಂಬದಿಂದಲೇ.

"ಯಾರಿಗೋ ಆಸೆ? ಇದ್ದಿಲು ಅಂದ್ರೆ ನಂಗೆ ಮೈಯೆಲ್ಲ ಉರಿಯುತ್ತೆ. ಊದಿ ಊದಿ ನನ್ನ ಬಾಲ್ಯ ಪೂರ್ತಿ ಅದರ ಮುಂದೇನೇ ಹೋಯ್ತು. ನೀನು ಮೊದಲ ಸಂಬಳದಲ್ಲಿ ನಂಗೆ ಗ್ಯಾಸ್ ಒಲೆ ತಂದು ಕೊಟ್ಟ ದಿನ ಬಾಗಿಲು ಹಾಕ್ಕೊಂಡು ಕುಣಿದಿದ್ದೆ."

ಸೋಪುನೀರಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. "ಮತ್ತೆ ಬುಧವಾರ ಹೇಳಿದೆಯಲ್ಲ? ಇದ್ದಿಲ ಮೇಲೆ ಸುಟ್ಟ ಜೋಳ ಆಗಿದ್ದಿದ್ರೆ ಅಂತ?"

"ಹೇಳೋಕೆ ಬಿಟ್ಯಾ ನೀನು?" ಅಕ್ಕ ತೆನೆಯನ್ನು ಕೆಳಗಿಟ್ಟಳು. "ಇದ್ದಿಲ ಮೇಲೆ ಸುಟ್ಟ ಜೋಳ ಆಗಿದ್ದಿದ್ರೆ ನೀನು ನನ್ನ ಕೈಯಿಂದ ಕಿತ್ಕೊಂಡು ಓಡ್ತಿದ್ದೆ ಅಂತ ಹೇಳೋಕೆ ಹೊರಟಿದ್ದೆ. ಅಷ್ಟರಲ್ಲಿ ಇನ್ನೊಂದು ಹಾಕ್ಲಾ ಅಕ್ಕ ಅಂದೆ."

ಸೋಪುನೀರಣ್ಣ ಚಹಾ ಕೇಳುವ ಜಾಗ ಇದೇ.

ಅಕ್ಕ ಕೆಂಡವನ್ನೇ ನೋಡುತ್ತ ಮಾತಾಡಿದಳು. "ನಿಮ್ಮ ಭಾವನೂ ನಾನೂ ಊಟಕ್ಕೆ ಕೂತ್ರೆ ದಿನಾ ಜಗಳ. ಉಪ್ಪು ಜಾಸ್ತಿ, ಉಪ್ಪು ಕಮ್ಮಿ, ಫ್ಯಾನ್ ಹಾಕು, ಫ್ಯಾನ್ ಆರಿಸು. ಜಗಳ ಆಡ್ತಾ ಆಡ್ತಾ ತಟ್ಟೆ ಖಾಲಿ ಆಗಿದ್ದೇ ಗೊತ್ತಾಗ್ತಿರ್ಲಿಲ್ಲ. ಈಗ ಆ ಮನೇಲಿ ಮಾತೇ ಇಲ್ಲ. ಇಲ್ಲಿಗೆ ಬಂದ್ರೆ ನೀವು ನನ್ನ ಕಂಡ ಕೂಡಲೇ ದನಿ ತಗ್ಗಿಸ್ತೀರಿ. ಕಿಟಕಿ ಮುಚ್ತೀರಿ. ಏನಂದ್ರೂ ಹೂಂ ಅಂತೀಯ. ಗಣಿತದಲ್ಲಿ ದಡ್ಡ ಅಂದ್ರೂ ಹೂಂ ಅಂದೆಯಲ್ಲೋ! ಆವತ್ತೇ ತೀರ್ಮಾನ ಮಾಡಿದೆ, ಇಲ್ಲಿದ್ರೂ ಅಷ್ಟೇ, ಅಲ್ಲಿದ್ರೂ ಅಷ್ಟೇ ಅಂತ. ನಂಗೆ ತುಂಬ ಒಂಟಿ ಅನ್ನಿಸ್ತು ಕಣೋ."

ಅವನಿಗೆ ತಾನು ಬಾಗಿಲ ಸಂದಿಗೆ ತುರುಕಿದ ಬಟ್ಟೆ, ಕಿಟಕಿಯ ಚಿಲಕ, ಒಂದೊಂದೇ ನೆನಪಾದವು. ಅಕ್ಕ ಸೊರಗಿದಷ್ಟೂ ತಾನು ಇನ್ನಷ್ಟು ಬಿಗಿ ಮಾಡುತ್ತ ಹೋಗಿದ್ದೆನಲ್ಲ ಎಂದು ತನ್ನ ಮೇಲೇ ಬೇಸರವಾಯಿತು.

ಕೆಳಗೆ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಅಕ್ಕ ಎದ್ದು ಬಟ್ಟೆ ಕೊಡವಿಕೊಂಡಳು. ಸೋಪುನೀರಣ್ಣ ಅಡ್ಡ ನಿಂತ.

"ನೀನು ಹೋಗಕೂಡದು," ಎಂದ.

"ಯಾಕೋ ಹೋಗಬಾರ್ದು? ನೀನ್ಯಾರು ಹೇಳೋಕೆ?"

"ನಾನು ಗಣಿತದಲ್ಲಿ ತರಗತಿಗೇ ಮೊದಲು ಬಂದಿದ್ದೆ. ನಿಂಗೆ ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ? ಅದು ಇತ್ಯರ್ಥ ಆಗೋವರೆಗೆ ಎಲ್ಲಿಗೂ ಹೋಗೋ ಹಾಗಿಲ್ಲ."

ಅಕ್ಕ ಅವನ ಮಸಿ ಮುಖವನ್ನು ದಿಟ್ಟಿಸಿದಳು. ಹಾರ್ನ್ ಮತ್ತೆ ಕೇಳಿಸಿತು. ಅಕ್ಕ ತಾರಸಿಯ ಕಟ್ಟೆಗೆ ಒರಗಿ ಕೆಳಕ್ಕೆ ಬಗ್ಗಿ, "ಏನಪ್ಪಾ ಅದು, ಬೀದಿ ಕಿತ್ತು ಹೋಗೋ ಹಾಗೆ ಹೊಡೀತಿದೀಯ? ಕಿವಿ ಕೇಳಿಸುತ್ತೆ ನಮಗೆ! ಇವತ್ತು ಬರಲ್ಲ, ಹೋಗು! ಇರು, ಇರು, ಹಾಗೇ ಹೋಗಬೇಡ, ಜೋಳ ತಿಂದು ಹೋಗು!" ಎಂದು ಕೂಗಿದಳು.

ಮರುದಿನ ಕಿಟಕಿ ತೆರೆಯಿತು. ಹೊಲಿಗೆ ಯಂತ್ರ ಮೆಟ್ಟಿಲ ಕೆಳಗಿನಿಂದ ನಡುಮನೆಗೆ ಬಂತು. ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಒಂದು ಚಮಚ ಬಾಯಿಗಿಟ್ಟು, "ಉಪ್ಪಿಲ್ಲ," ಅಂದಳು. ಹೆಂಡತಿ ತಲೆಯೆತ್ತದೆ, "ಸರಿಯಾಗೇ ಇದೆ ಅತ್ತಿಗೆ. ನಿಮ್ಮ ನಾಲಗೆ ಕೆಟ್ಟಿದೆ," ಅಂದಳು. ಅಕ್ಕ ತಮ್ಮನ ಕಡೆ ತಿರುಗಿ, "ನೋಡೋ, ನೀನೇ ಹೇಳು, ಉಪ್ಪಿಲ್ಲ ತಾನೇ?" ಎಂದಳು.

ಹಳೆಯ ಅಭ್ಯಾಸ, ಸೋಪುನೀರಣ್ಣನ ಬಾಯಿಗೆ "ಹೂಂ ಅಕ್ಕ" ಬಂದೇಬಿಟ್ಟಿತ್ತು. ಅದನ್ನು ತುತ್ತಿನ ಜೊತೆ ನುಂಗಿಕೊಂಡ. "ಉಪ್ಪು ಇದೆ ಅಕ್ಕ. ನೀನು ಹೇಳೋದು ತಪ್ಪು."

"ತಪ್ಪಾ?" ಎಂದಳು ಅಕ್ಕ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಹೇಗೆ ತಪ್ಪು, ಹೇಳು ನೋಡೋಣ." ಹೇಳುತ್ತಲೇ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡು, ಯಾರೂ ಹೇಳದೆ ತಾನೇ ಇನ್ನೊಂದು ಸೌಟು ಬಡಿಸಿಕೊಂಡಳು.